ಗಾಳೆಪ್ಪನ ಟೈಮು

ಗಿಣಿಗೇರಾದ ನಮ್ಮ ಓಣಿಯಲ್ಲಿ ಒಂದು ಮಾತಿದೆ. ಗಾಳೆಪ್ಪ ಬಂದನೆಂದರೆ ಇನ್ನೂ ಹೊತ್ತಿದೆ ಎಂದರ್ಥ. ಬಸ್ ಸ್ಟ್ಯಾಂಡಿನಲ್ಲಿ ಗಾಳೆಪ್ಪ ಕಾಕಾ ಚೀಲ ಹಿಡಿದು ನಿಂತಿದ್ದು ಕಂಡರೆ ನಾವು ತಿರುಗಿ ಮನೆಗೆ ಹೋಗಿ ಚಹಾ ಕುಡಿದು ಬರುತ್ತೇವೆ. ಯಾರದಾದರೂ ಮನೆಯ ಕಾರ್ಯಕ್ಕೆ ಕಾಕಾ ಹೋದರೆ ಅಲ್ಲಿ ಇನ್ನೂ ಅಂಗಳ ಗುಡಿಸುತ್ತಿರುತ್ತಾರೆ. ತಮ್ಮ ಮದುವೆಗೇ ಎಷ್ಟು ಬೇಗ ಹೋಗಿದ್ದರಂತೆ ಎಂದರೆ, ಹೆಣ್ಣಿನವರು ಇವರೇ ಮದುಮಗ ಎಂದು ಗುರುತು ಹಿಡಿಯದೆ ತೋರಣ ಕಟ್ಟಲು ಹಗ್ಗ ಕೊಟ್ಟು ಏಣಿ ಹತ್ತಿಸಿದ್ದರಂತೆ. ಪಾರ್ವತೆಮ್ಮ ಕಾಕಿ ಇದನ್ನು ಹೇಳುವಾಗ ಇವತ್ತಿಗೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ.

ನಾನು ನಾಹೀದಾ. ಅವರ ಗೋಡೆಗೆ ಗೋಡೆ ಹಚ್ಚಿದ ಮನೆ ನಮ್ಮದು, ಹೊಲಿಗೆ ನನ್ನ ಕಸುಬು. ನನ್ನ ಗಂಡ ಶಾನವಾಜ ಕೆಲಸ ಮಾಡುವ ಕಬ್ಬಿಣದ ಫ್ಯಾಕ್ಟರಿಯಲ್ಲೇ ಕಾಕಾ ತಮ್ಮ ಆಯುಷ್ಯವನ್ನೆಲ್ಲ ಕುಲುಮೆಯ ಮುಂದೆ ಕಳೆದವರು. ಕೆಲಸಕ್ಕೆ ಸೇರಬೇಕಾದ ಮೊದಲ ದಿನ ಬಸ್ಸು ತಡವಾಗಿ ಗೇಟು ಮುಚ್ಚಿತ್ತಂತೆ. ಮನೆಗೆ ಮರಳಿ ಹೋಗಲು ಮುಖವಿಲ್ಲದೆ, ಸಂಜೆಯ ಸೈರನ್ ಆಗುವ ತನಕ ಬುತ್ತಿ ಬಿಚ್ಚದೆ ಎದುರಿನ ಬೇವಿನ ಮರದ ಕೆಳಗೆ ಕೂತಿದ್ದರಂತೆ. ಅವತ್ತು ಮನೆಗೆ ಬಂದವರೇ ಗಡಿಯಾರವನ್ನು ಇಪ್ಪತ್ತು ನಿಮಿಷ ಮುಂದೆ ತಿರುಗಿಸಿದರು. ಅದು ಮತ್ತೆ ಹಿಂದೆ ಬರಲೇ ಇಲ್ಲ. ಗೋಡೆಯ ಗಡಿಯಾರ, ಕೈ ಗಡಿಯಾರ ಎಲ್ಲವೂ ಮುಂದೆ. ಮುಂದೆ ಇಟ್ಟವರು ತಾವೇ, ಅದನ್ನು ನಂಬಿ ಗಾಬರಿಯಾಗುವವರೂ ತಾವೇ. ಉಳಿದವರೆಲ್ಲ ಮನಸ್ಸಿನಲ್ಲೇ ಕಳೆದು ಲೆಕ್ಕ ಹಾಕುತ್ತಿದ್ದೆವು.

ನೌಕರಿಯಿಂದ ನಿವೃತ್ತರಾದ ಮೇಲೂ ಈ ಚಟ ಬಿಡಲಿಲ್ಲ. ಕುಲುಮೆಯ ಝಳಕ್ಕೆ ಅವರ ಕಣ್ಣು ಮಂಜಾಗಿದ್ದವು. ದೊಡ್ಡದಾಗಿ ಕಾಣಲಿ ಎಂದು ಮಗಳು ಅನುಸೂಯಾ ಒಂದು ದೊಡ್ಡ ಟಿವಿ ತರಿಸಿದಳು. ಅದನ್ನು ಗೋಡೆಗೆ ಬಿಗಿದು ನೆಟ್ ಹಚ್ಚಿಕೊಟ್ಟವನು ನಮ್ಮ ಓಣಿಯ ಕೇಬಲ್ಲಿನ ಹನಮೇಶ. ನಾನೂ ಅವತ್ತು ನೋಡಲು ಹೋಗಿದ್ದೆ. ಟಿವಿಯ ಮೂಲೆಯಲ್ಲಿ ಗಂಟೆ ತೋರಿಸಿದ್ದೇ ತಡ, ಕಾಕಾ ಪಟ್ಟು ಹಿಡಿದರು.

“ಆ ಟೈಮ್ ನಮ್ಮನಿ ಟೈಮ್ ಅಲ್ಲ. ಅದನ್ನೂ ಮುಂದ ಮಾಡು.”

“ಕಾಕಾ, ಅದು ನೆಟ್‌ನಿಂದ ತಾನ ಬರ್ತೈತ್ರಿ.”

“ನಮ್ಮನಿಗೆ ಬಂದ ಮ್ಯಾಲ ನೆಟ್ ಆದ್ರೇನು, ಅಳಿಯ ಆದ್ರೇನು, ನಮ್ಮ ಟೈಮಿಗೇ ನಡೀಬೇಕು!”

ಹನಮೇಶ ನಗುತ್ತ, ಟೈಮು ತಾನಾಗಿ ಬರುವುದನ್ನು ನಿಲ್ಲಿಸಿ ಕೈಯಿಂದಲೇ ಇಪ್ಪತ್ತು ನಿಮಿಷ ಮುಂದೆ ಮಾಡಿಕೊಟ್ಟ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಹೀಗೆ ನಗುತ್ತ ನಗುತ್ತಲೇ ಅನುಸೂಯಾಳ ಮದುವೆ ಗೊತ್ತಾಯಿತು. ಗಂಡು ಗಂಗಾವತಿಯವನು, ಮದುವೆ ಅಲ್ಲಿಯ ಕಲ್ಯಾಣ ಮಂಟಪದಲ್ಲಿ. ಒಬ್ಬಳೇ ಮಗಳು. ಕಾಕಾ ಕಾರ್ಡು ಹಂಚಲು ಕುಷ್ಟಗಿ, ಯಲಬುರ್ಗಾ ಎಲ್ಲ ತಿರುಗಿ ಬಂದರು. ಅಷ್ಟರಲ್ಲಿ ಕಾಕಿ ಗೋಡೆಯ ಗಡಿಯಾರ ಒರೆಸಿ, ಹೊಸ ಸೆಲ್ಲು ಹಾಕಿ, ಯಾರೋ ಹೇಳಿದ ಸರಿಯಾದ ಟೈಮಿಗೆ ಇಟ್ಟುಬಿಟ್ಟರು. ಕಾಕಾ ಅದನ್ನು ಮುಂದೆ ಮಾಡಲೆಂದು ಸ್ಟೂಲು ಹತ್ತಿದವರು ಜಾರಿ ಬಿದ್ದರು. ಸೊಂಟದ ಚಪ್ಪೆಯ ಎಲುಬು ಮುರಿಯಿತು, ಆದರೂ ಬಿದ್ದಲ್ಲಿಂದಲೇ ಶಾನವಾಜನ ಕೈಯಿಂದ ಗಡಿಯಾರವನ್ನು ಮುಂದೆ ಮಾಡಿಸಿದರು. ಕೊಪ್ಪಳದ ದವಾಖಾನೆಯಲ್ಲಿ ಆಪರೇಷನ್ ಮಾಡಿ ರಾಡು ಹಾಕಿ ಮಲಗಿಸಿದರು. ಅತ್ತ ಮದುವೆ ಮುಂದೆ ಹಾಕಲು ಬರಲಿಲ್ಲ, ಇತ್ತ ಕಾಲು ಮುಂದೆ ಇಡಲು ಬರಲಿಲ್ಲ.

“ಗಾದಿ ಹಾಸಿ ಟೆಂಪೋದಾಗ ಒಯ್ರಿ ನನ್ನ, ಹೆಣ ಒಯ್ದಂಗ ಒಯ್ರಿ,” ಎಂದು ದವಾಖಾನೆಯಿಂದ ಮನೆಗೆ ಬಿಡುವ ದಿನ ಕಾಕಾ ಡಾಕ್ಟರ ಕೈ ಹಿಡಿದು ಅತ್ತರು. ಡಾಕ್ಟರು, “ಗಂಗಾವತಿ ದೂರ ಉಳೀತು, ಮನಿ ಹೊಸ್ತಿಲ ದಾಟಿದ್ರೂ ನಾ ಜವಾಬ್ದಾರ ಅಲ್ಲ,” ಎಂದುಬಿಟ್ಟರು. ಅಷ್ಟು ದೊಡ್ಡ ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನೋಡಬಾರದಿತ್ತು ಅನಿಸಿತು.

ದಾರಿ ಹುಡುಕಿದವಳು ಅನುಸೂಯಾಳೇ. ಫೋಟೋದವರು ಮದುವೆಯನ್ನು ಲೈವ್ ಬಿಡುತ್ತಾರೆ, ಟಿವಿಯ ವಿಡಿಯೋ ಆಪಿನಲ್ಲಿ ಅದು ಬರುತ್ತದೆ. ಮಂಚವನ್ನು ಟಿವಿಯ ಎದುರಿಗೆ ಎಳೆಸಿ, ಫೋಟೋದವರ ಹಳೆಯ ಮದುವೆಯೊಂದನ್ನು ಹಚ್ಚಿ ತೋರಿಸಿದಳು. ಕಾಕಾ ಕಣ್ಣು ಕಿರಿದು ಮಾಡಿ ಮುಖಗಳನ್ನು ನೋಡಿ, “ಹಾಂ, ಮಾರಿ ಕಾಣ್ತಾವ,” ಎಂದರು. ಅವಳು ಗಂಗಾವತಿಗೆ ಹೊರಡುವ ಮುನ್ನ ಅಪ್ಪನ ಕಾಲು ಮುಟ್ಟಿ, ಅರಿಷಿಣ ಹಚ್ಚಿದ ಅಕ್ಕಿಕಾಳಿನ ಹಿತ್ತಾಳೆ ತಟ್ಟೆಯನ್ನು ದಿಂಬಿನ ಬದಿಗಿಟ್ಟಳು.

“ಅಪಾ, ತಾಳಿ ಕಟ್ಟೂ ಮುಂದ ನಾ ಒಮ್ಮಿ ಕ್ಯಾಮರಾದ ಕಡೆ ನೋಡ್ತೀನಿ. ಆವಾಗ ಹಾಕು.”

“ನಿನ್ನ ಮಾರಿ ನೋಡೇ ಹಾಕ್ತೀನಿ ಮಗಳ. ಮಾರಿ ನೋಡದ ಒಂದ ಕಾಳೂ ಹಾಕೂದಿಲ್ಲ.”

ಮದುವೆಯ ದಿನ ಓಣಿಗೆ ಓಣಿಯೇ ಗಂಗಾವತಿಗೆ ಹೋಯಿತು. ಕಾಕಾನ ಹತ್ತಿರ ನಾನು ಉಳಿದೆ. ಅನುಸೂಯಾ ಕೇಳಿಕೊಂಡಿದ್ದಳು, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವಳ ಕುಪ್ಪಸ ಹೊಲಿದವಳು ನಾನು. ತೋಳು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನನಗೂ ಟಿವಿಯಲ್ಲಿ ನೋಡುವುದಿತ್ತು. ಬೆಳಿಗ್ಗೆ ಶಾನವಾಜ ಕಾಕಾನ ಮುಖ ತೊಳೆಸಿ, ಹೊಸ ಅಂಗಿ ತೊಡಿಸಿ, ತಲೆಗೆ ರುಮಾಲು ಸುತ್ತಿ ಶಿಫ್ಟಿಗೆ ಹೋದ. ಮಲಗಿದಲ್ಲೇ ಬೀಗರ ಹಾಗೆ ತಯಾರಾದರು ಕಾಕಾ. ಮುಹೂರ್ತ ಹನ್ನೆರಡೂವರೆಗೆ. ಎಂಟು ಗಂಟೆಗೇ “ಹಚ್ಚವಾ ಟಿವಿ” ಎಂದರು.

ಹಚ್ಚಲು ಕರೆಂಟೇ ಇರಲಿಲ್ಲ. ನಸುಕಿನಲ್ಲೇ ಹೋದದ್ದು ಹನ್ನೊಂದೂವರೆಗೆ ಬಂತು. ಅಲ್ಲಾಹನಿಗೆ ಶುಕ್ರ ಹೇಳಿ ಟಿವಿ ಹಚ್ಚಿದೆ. ಬಂತು. ಅನುಸೂಯಾ ತೋರಿಸಿದ ಗುರುತಿನ ಮೇಲೆ ಒತ್ತಿದೆ. ಬಿಳಿ ಉಂಗುರವೊಂದು ಗರಗರ ತಿರುಗಿತು. ತಿರುಗಿ ತಿರುಗಿ ನಿಂತು, “ಏನೋ ತಪ್ಪಾಗಿದೆ. ಪುನಃ ಪ್ರಯತ್ನಿಸಿ” ಎಂಬ ಅಕ್ಷರ ಬಂತು. ತಪ್ಪಾಗಿದೆಯಂತೆ! ಏನು ತಪ್ಪು, ಯಾರ ತಪ್ಪು ಎಂದು ಹೇಳಲು ಅದಕ್ಕೆ ಪುರುಸೊತ್ತಿಲ್ಲ. ಪುನಃ ಪ್ರಯತ್ನಿಸಿದೆ. ಅದೇ ಉಂಗುರ, ಅದೇ ಅಕ್ಷರ.

“ಬರಾಕತ್ತೈತೇನು?” ಎಂದರು ಕಾಕಾ.

“ಬರ್ತೈತ್ರಿ ಕಾಕಾ. ಈಗ ಕರೆಂಟ್ ಬಂದೈತಿ, ಬಿಸಿ ಆಗ್ಲಿ.”

ಟಿವಿ ಬಿಸಿಯಾಗಲು ಅದೇನು ಹಂಚೇ? ಬಾಯಿಗೆ ಬಂದದ್ದು ಹೇಳಿದೆ. ಬಂದ್ ಮಾಡಿ ಚಾಲೂ ಮಾಡಿದೆ. ಪ್ಲಗ್ಗು ಕಿತ್ತು ಹಾಕಿದೆ. ನೆಟ್ಟಿನ ಡಬ್ಬಿಯ ಪ್ಲಗ್ಗೂ ಕಿತ್ತು ಹಾಕಿದೆ. ಡಬ್ಬಿಯಲ್ಲಿ ಹಸಿರು ದೀಪ ಚೆಂದಾಗಿ ಉರಿಯುತ್ತಿತ್ತು. ನನ್ನ ಫೋನಿಗೆ ಅದೇ ನೆಟ್ ಹಚ್ಚಿ ನೋಡಿದರೆ ಮದುವೆ ಸ್ವಚ್ಛ ಬರುತ್ತಿತ್ತು. ಹಾಗಾದರೆ ನೆಟ್ಟಿನದು ತಪ್ಪಿಲ್ಲ. ಆಪನ್ನು ತೆಗೆದು ಮತ್ತೆ ಹಾಕೋಣವೆಂದರೆ, ತೆಗೆದದ್ದು ಹೋಯಿತು, ಹಾಕಿದ್ದು ಬರಲಿಲ್ಲ. ಅದೃಷ್ಟಕ್ಕೆ ಅಂಥದ್ದೇ ಇನ್ನೊಂದು ಆಪಿತ್ತು, ಅದರಲ್ಲೂ ಅದೇ ಉಂಗುರ. ಫೋನಿನಲ್ಲಿದ್ದದ್ದನ್ನು ಟಿವಿಗೆ ದಾಟಿಸುವ ಗುರುತು ಒತ್ತಿದೆ. ಟಿವಿ ಅದಕ್ಕೂ ಜಗ್ಗಲಿಲ್ಲ. ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಹನಮೇಶನಿಗೆ ಫೋನ್ ಹಚ್ಚಿದೆ. ಊರಿನಲ್ಲಿ ಟಿವಿ ಬಲ್ಲವನು ಅವನೊಬ್ಬ, ಅವನೂ ಮದುವೆಯಲ್ಲಿ. ಎತ್ತಿದ, ಆದರೆ ಅವನಿಗಿಂತ ಮೊದಲು ಬಾಜಾ ಕೇಳಿಸಿತು.

“ಹನಮೇಶಾ, ಟಿವಿ ಹತ್ತವಲ್ದೋ! ಏನೋ ತಪ್ಪಾಗೈತಿ ಅನ್ನಾಕತ್ತೈತಿ!”

“ಆಂ? ಅಕ್ಕಾ, ಕೇಳವಲ್ದ್ರಿ!”

“ಟಿವಿ! ಟಿವಿ!”

ಬಾಜಾದ ನಡುವೆ ಅವನ ಮಾತು ತುಂಡು ತುಂಡಾಗಿ ಬಂತು. “ಕರೆಂಟ್ ಹೋಗಿತ್ತೇನ್ರಿ? ...ಟೈಮ್ ನೋಡ್ರಿ! ಮೊದ್ಲ ಟೈಮ್ ನೋಡ್ರಿ!”

ನಾನು ಗೋಡೆಯ ಕಡೆ ನೋಡಿದೆ. ಅಲ್ಲಿ ಹನ್ನೆರಡೂವರೆ ಆಗಿತ್ತು. ಇಪ್ಪತ್ತು ನಿಮಿಷ ಕಳೆದೆ. “ಟೈಮ್ ಐತಿ ಬಿಡೋ ಇನ್ನಾ! ಅದಕ್ಕ ಲಗೂನ ಹೇಳು ಅನ್ನಾಕತ್ತೀನಿ!” ಎಂದು ಚೀರಿದೆ. ಆ ಕಡೆ ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಊಟದ ಪಂಕ್ತಿ ಹಿಡಿಯಲು ಹೋಗಿರಬೇಕೆಂದು ಬೈದೆ. ಅವನು ಹೇಳಿದ್ದು ಬೇರೆ, ನಾನು ಕೇಳಿದ್ದು ಬೇರೆ. ಆ ಮನೆಯಲ್ಲಿ ಟೈಮು ನೋಡು ಎಂದರೆ ಎಲ್ಲರೂ ಗೋಡೆಯ ಕಡೆ ನೋಡಿ ಇಪ್ಪತ್ತು ಕಳೆಯುವುದೇ ರೂಢಿ. ಟಿವಿಯ ಮೂಲೆಯಲ್ಲಿ ಇನ್ನೇನೋ ಗಂಟೆ ಕಾಣುತ್ತಿತ್ತು. ಆ ಮನೆಯ ಗಡಿಯಾರಗಳನ್ನು ನಂಬುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು, ಅದನ್ನು ಕಂಡರೂ ಕಾಣಲಿಲ್ಲ.

ಕಂಪನಿಯ ಸಹಾಯದ ನಂಬರಿಗೆ ಹಚ್ಚಿದೆ. ಕನ್ನಡಕ್ಕೆ ಇದನ್ನು ಒತ್ತಿ, ಟಿವಿಗೆ ಇದನ್ನು ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ಹೆಣ್ಣು ಧ್ವನಿ ಸಂಗೀತ ಕೇಳಿಸುತ್ತ ಕೂತಿತು. ಆ ಕರೆ ಕತ್ತರಿಸಿ, ಫೋನಿನಲ್ಲಿ ಮತ್ತೆ ಮದುವೆ ಹಚ್ಚಿಟ್ಟು, ಟಿವಿಯ ಸೆಟ್ಟಿಂಗಿನೊಳಗೆ ಹೊಕ್ಕೆ. ಹೊಕ್ಕವಳಿಗೆ ಹಾದಿ ಗೊತ್ತಿದ್ದರಲ್ಲವೇ? ಒಂದೊಂದನ್ನೇ ಗಟ್ಟಿಯಾಗಿ ಓದುತ್ತ ಇಳಿದೆ.

“ಚಿತ್ರ... ಧ್ವನಿ... ನೆಟ್‌ವರ್ಕ್... ದಿನಾಂಕ ಮತ್ತು ಸಮಯ...”

“ಅದಕ್ಕ ಕೈ ಹಚ್ಚಬ್ಯಾಡ!” ಕಾಕಾ ಮಂಚ ಅಲುಗುವ ಹಾಗೆ ಗುಡುಗಿದರು. “ಹನಮೇಶನ ಕೈಯಾಗ ನಾ ಮಾಡಿಸಿದ ಟೈಮ್ ಅದು. ಎಲ್ಲಾ ಕೆಟ್ಟು ಕುಂತೈತಿ, ಅದೊಂದರ ಸರಿ ಇರ್ಲಿ!”

ನಾನು ಹೆದರಿ ಹಿಂದೆ ಬಂದೆ. ಒಂದು ಗುಂಡಿ ಒತ್ತಿದ್ದರೆ ಆಗುತ್ತಿತ್ತು. ಒತ್ತಲಿಲ್ಲ.

ಅಷ್ಟರಲ್ಲಿ ನನ್ನ ಫೋನಿನಲ್ಲಿ ಅಯ್ಯನವರು ಮಂತ್ರ ಏರಿಸಿದ್ದು ಕೇಳಿತು. ರಿಮೋಟು ಬಿಸಾಕಿ ಫೋನನ್ನು ಕಾಕಾನ ಮುಖದ ಮುಂದೆ ಹಿಡಿದೆ. “ಕಾಕಾ, ಇದರಾಗರ ನೋಡ್ರಿ! ಅನುಸೂಯಾ, ನೋಡ್ರಿಲ್ಲೆ, ಕೆಂಪು ಸೀರಿ!”

ಅವರು ಕತ್ತು ಎತ್ತಿ, ಕಣ್ಣು ಉಜ್ಜಿ, ಫೋನನ್ನು ಮೂಗಿಗೆ ಮುಟ್ಟುವಷ್ಟು ಹತ್ತಿರ ತಂದು ನೋಡಿದರು. ದೂರ ಹಿಡಿದು ನೋಡಿದರು.

“ಕೆಂಪಗ ಏನೋ ಅಳ್ಳಾಡತೈತಿ. ಮಾರಿ ಎಲ್ಲೈತವಾ? ಇರುವಿ ಮದುವಿ ಆಗಾಕತ್ತೈತೇನು ಇದು?”

ನಗುವ ಮಾತೇ. ಆದರೆ ಹೇಳಿದವರು ಫೋನನ್ನು ನನ್ನ ಕೈಗೆ ತಿರುಗಿ ಕೊಟ್ಟರು. ಬಲಗೈಯಲ್ಲಿ ಅಕ್ಕಿಕಾಳು ಹಿಡಿದಿದ್ದರು. ಫೋನಿನಲ್ಲಿ “ಶುಭಲಗ್ನೇ ಸಾವಧಾನ” ಕೇಳಿತು. ಬಾಜಾ ಒಮ್ಮೆಲೇ ಎದ್ದಿತು. ಗಂಗಾವತಿಯಲ್ಲಿ ಸಾವಿರ ಕೈಗಳು ಅಕ್ಕಿಕಾಳು ತೂರಿದವು.

“ಹಾಕ್ರಿ ಕಾಕಾ! ಈಗ ಹಾಕ್ರಿ!”

“ಯಾರಿಗೆ ಹಾಕ್ಲಿ? ಮಾರಿ ನೋಡೇ ಹಾಕ್ತೀನಿ ಅಂದೀನಿ ಅಕಿಗೆ. ಮಾರಿ ಕಾಣದ ಹಾಕಿದ್ರ ಯಾರಿಗೆ ಮುಟ್ಟತಾವು?”

ಮುಷ್ಟಿ ಬಿಚ್ಚಲಿಲ್ಲ. ಬಾಜಾ ನಿಂತಿತು. ಟಿವಿಯ ಮೇಲೆ ಉಂಗುರ ತಿರುಗುತ್ತಲೇ ಇತ್ತು. ನನಗೆ ಆ ಟಿವಿಯನ್ನು ಎತ್ತಿ ಅಂಗಳಕ್ಕೆ ಒಗೆಯಬೇಕೆನಿಸಿತು. ಜೀವಮಾನವೆಲ್ಲ ಎಲ್ಲರಿಗಿಂತ ಮೊದಲು ಹೋಗಿ ನಿಂತ ಮನುಷ್ಯನಿಗೆ, ಒಬ್ಬಳೇ ಮಗಳ ಅಕ್ಕಿಕಾಳು ತಪ್ಪಿತಲ್ಲ! ಗೋಡೆಯ ಕಡೆ ಮುಖ ಮಾಡಿ ಅತ್ತೆ. ಕಾಕಾ ಅಳಲಿಲ್ಲ. ಮುಷ್ಟಿಯನ್ನು ಎದೆಯ ಮೇಲಿಟ್ಟುಕೊಂಡು ಸೂರು ನೋಡುತ್ತ ಮಲಗಿದ್ದರು.

ಸ್ವಲ್ಪ ಹೊತ್ತಿಗೆ ಫೋನ್ ಬಂತು, ಪಾರ್ವತೆಮ್ಮ ಕಾಕಿಯದು. ಸ್ಪೀಕರ್ ಹಾಕಿ ಕಾಕಾನ ಬಾಯಿಯ ಹತ್ತಿರ ಹಿಡಿದೆ.

“ಏನ್ರಿ, ಕಂಡ್ತೇನು ಎಲ್ಲಾ? ತಡೀರಿ, ಹುಡುಗಿ ಕೈಯಾಗ ಕೊಡ್ತೀನಿ.”

“ಅಪಾ,” ಎಂದಳು ಅನುಸೂಯಾ. ಅತ್ತು ಅತ್ತು ಧ್ವನಿ ಕಟ್ಟಿತ್ತು. “ಹಾಕಿದೇನು?”

ಕಾಕಾ ತಮ್ಮ ಮುಷ್ಟಿಯ ಕಡೆ ಒಮ್ಮೆ ನೋಡಿದರು.

“ಹಾಕೀನಿ ಮಗಳ. ಟೈಮಿಗೆ ಸರಿಯಾಗಿ ಹಾಕೀನಿ.”

“ನಾ ನೋಡಿದ್ದು ಕಂಡ್ತಾ?”

“ಕಂಡ್ತವಾ. ಛಲೋ ಕಂಡ್ತು.”

ಅಲ್ಲಿ ಅವಳು ಸಮಾಧಾನದಿಂದ ನಕ್ಕದ್ದು ಕೇಳಿಸಿತು. ಫೋನು ಇಟ್ಟ ಮೇಲೆ ಕಾಕಾ ಸೂರು ನೋಡುತ್ತಲೇ ಕೇಳಿದರು, “ಹನಮೇಶ ಏನಂದ ನಿನಗ ಆಗ?”

“ಟೈಮ್ ನೋಡ್ರಿ ಅಂದ್ರಿ. ಮುಹೂರ್ತ ಬಂತು ಅಂತ.”

“ಅಂವ ಮುಹೂರ್ತದಾಗ ನಿಂತಾನ, ನಿನಗ್ಯಾಕ ಟೈಮ್ ನೋಡು ಅಂತಾನ? ಅಂವ ಅಂದಿದ್ದು ಟಿವಿ ಟೈಮ್ ಇರಬೇಕವಾ.” ಮುಖ ಟಿವಿಯ ಕಡೆ ತಿರುಗಿಸಿದರು. “ಅದನ್ನ ಕೆಡಿಸಿದಾಂವ ನಾನ. ಹೋಗು. ತಗಿ. ನನ್ನ ಟೈಮ್ ತಗಿ.”

ನಾನು ಸೆಟ್ಟಿಂಗಿನೊಳಗೆ ಹೋಗಿ ದಿನಾಂಕ ತೆರೆದೆ. ಎಂಟು ವರ್ಷದ ಹಿಂದಿನ ಜನವರಿ ಒಂದು ಎಂದಿತ್ತು. ಕೈಯಿಂದ ಇಟ್ಟ ಟೈಮು ಕರೆಂಟು ಹೋದಾಗ ಅಳಿಸಿಹೋಗಿ, ಟಿವಿ ತನ್ನ ಮೊದಲ ದಿನಕ್ಕೆ ಹೋಗಿ ಕೂತಿತ್ತು. ದಿನಾಂಕ ಹಾಗೆ ತಪ್ಪಿದ್ದರೆ ಆಪುಗಳು ನೆಟ್ಟನ್ನೇ ನಂಬುವುದಿಲ್ಲವೆಂದು ಹನಮೇಶ ಆಮೇಲೆ ಹೇಳಿದ. ನಾನು ವರ್ಷವನ್ನು ಓದಿ ಹೇಳಿದಾಗ ಕಾಕಾ, “ಆಗ ಅಕಿ ಎರಡು ಜಡಿ ಹಾಕ್ಕೊಂಡು ಸಾಲಿಗೆ ಹೊಂಟಿದ್ಲು,” ಎಂದರು.

‘ತಾನಾಗಿ ಹೊಂದಿಸು’ ಎಂಬುದರ ಮೇಲೆ ಒತ್ತಿದೆ. ಮೂಲೆಯ ಗಂಟೆ ಜಿಗಿದು ಸರಿಯಾಯಿತು. ಆ ಮನೆಯಲ್ಲಿ ಸರಿಯಾದ ಟೈಮು ತೋರಿಸಿದ ಗಡಿಯಾರ ಅದೊಂದೇ. ಉಳಿದಿದ್ದ ಇನ್ನೊಂದು ಆಪು ತೆರೆದೆ. ಉಂಗುರ ಒಂದು ಸುತ್ತೂ ತಿರುಗಲಿಲ್ಲ, ಗೋಡೆಯ ತುಂಬ ಕಲ್ಯಾಣ ಮಂಟಪ ಬಂದು ನಿಂತಿತು. ಮಂದಿ ಊಟಕ್ಕೆ ಹೊರಟಿದ್ದರು. ವೇದಿಕೆಯ ಮೇಲೆ ಹುಡುಗರು ಕುರ್ಚಿ ಎಳೆಯುತ್ತಿದ್ದರು. ಅನುಸೂಯಾ ಎಲ್ಲೂ ಇರಲಿಲ್ಲ.

“ಮುಗೀತು,” ಎಂದರು ಕಾಕಾ.

“ತಡೀರಿ ಕಾಕಾ, ಇದನ್ನ ಹಿಂದಕ ಒಯ್ಯಾಕ ಬರ್ತೈತಿ.”

ರಿಮೋಟಿನ ಎಡಗಡೆ ಗುಂಡಿ ಒತ್ತುತ್ತ ಹೋದೆ. ಮಂದಿ ಊಟದಿಂದ ಹಿಂದಕ್ಕೆ ನಡೆದು ಬಂದರು, ನೆಲದ ಮೇಲಿನ ಅಕ್ಕಿಕಾಳು ಮೇಲೆದ್ದು ಕೈಗಳಿಗೆ ಮರಳಿದವು. ಅಲ್ಲಿ ಬಿಟ್ಟೆ. ಅಯ್ಯನವರ ಧ್ವನಿ, ಕೆಂಪು ಸೀರೆ, ನಾನು ಹೊಲಿದ ಕುಪ್ಪಸ. ಅನುಸೂಯಾ ಬಾಸಿಂಗ ಕಟ್ಟಿದ ತಲೆ ತಗ್ಗಿಸಿ ನಿಂತಿದ್ದಳು. ಮದುಮಗ ತಾಳಿ ಎತ್ತಿದಾಗ ಅವಳು ತಲೆ ಎತ್ತಿ ನೇರವಾಗಿ ನಮ್ಮ ಕಡೆ ನೋಡಿದಳು. ಬರೀ ನೋಡಲಿಲ್ಲ, ಕಾದಳು. ಪಕ್ಕದವರು ಏನೋ ಅಂದರೂ ಕಣ್ಣು ತೆಗೆಯಲಿಲ್ಲ.

“ಮಗಳ!” ಎಂದು ಕೂಗಿ ಕಾಕಾ ಮುಷ್ಟಿ ಬಿಚ್ಚಿ ತೂರಿದರು. ಮಲಗಿದ ಮನುಷ್ಯನ ಕೈಗೆ ಎಷ್ಟು ಕಸುವಿದ್ದೀತು? ಬೆವರಿಗೆ ಹತ್ತಿಕೊಂಡ ಅರ್ಧ ಕಾಳು ಅಂಗೈಯಲ್ಲೇ ಉಳಿದವು. ಕೆಲವು ಅವರ ಕಾಲಿನ ಮೇಲೆ, ಕೆಲವು ನನ್ನ ತಲೆಯ ಮೇಲೆ ಬಿದ್ದವು. ನಾಲ್ಕೈದು ಮಾತ್ರ ಟಿವಿಯ ಗಾಜಿಗೆ ಟಕಟಕ ಬಡಿದವು. ಅಂಗೈಯೆಲ್ಲ ಅರಿಷಿಣವಾಗಿತ್ತು.

ಮತ್ತೆ ಹಿಂದಕ್ಕೆ ಒಯ್ಯಲು ಹೇಳಿದರು. ಒಯ್ದೆ. ತಟ್ಟೆಯಲ್ಲಿದ್ದುದನ್ನು ಬಾಚಿ ತೂರಿದರು. ಇನ್ನೊಮ್ಮೆ ಎಂದರು. ಅಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.

“ಕಾಕಾ, ಅಕ್ಕಿಕಾಳು ಮುಗದಾವ್ರಿ.”

“ಇರ್ಲಿ. ಹಿಂದಕ ಒಯ್ಯಿ. ಅಕಿ ನೋಡ್ಕೋತ ನಿಂತಾಳ, ಬರಿಗೈಯರ ಎತ್ತತೀನಿ.”

ನಾನು ಹಿಂದಕ್ಕೆ ಒಯ್ದೆ.